ಖಾಲಿ ಸ್ಟ್ರಿಪ್ ಓದುತ್ತಿದ್ದ ಕೊಟ್ರೇಶಪ್ಪ

ಕೆಲವರು ಅಂಗೈ ನೋಡಿ ಭವಿಷ್ಯ ಹೇಳುತ್ತಾರೆ. ಕೊಟ್ರೇಶಪ್ಪನವರು ಮಾತ್ರೆ ಮುಗಿದ ಖಾಲಿ ಸ್ಟ್ರಿಪ್ ನೋಡಿ ಮನುಷ್ಯನ ಸ್ವಭಾವ ಹೇಳುತ್ತಿದ್ದರು. ದಾವಣಗೆರೆಯ ಹೃದಯದ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕಾಯುತ್ತ ಕೂತವರ ಕೈಚೀಲದಿಂದ ಸ್ಟ್ರಿಪ್ ಇಸಿದುಕೊಂಡು, ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವರು. ಮಾತ್ರೆ ಒತ್ತಿ ತೆಗೆದ ತೂತುಗಳಿಂದ ಬೆಳಕು ಅವರ ಕೆನ್ನೆಯ ಮೇಲೆ ಚುಕ್ಕಿಚುಕ್ಕಿಯಾಗಿ ಬೀಳುತ್ತಿತ್ತು.

"ಅಜ್ಜಾರೆ, ನೀವು ಅಂಜುಬುರುಕ್ರು. ಒಂದು ತುದಿಯಿಂದ ಸಾಲು ಹಿಡಿದು ಬಂದೀರಿ ನೋಡ್ರಿ, ಒಂದು ತಪ್ಪಿದ್ರ ಯಮ ಬಂದಾನು ಅಂತ."

"ಈ ತಾಯಿ ನೋಡ್ರಿ, ಮೂಲ್ಯಾಗೊಂದು ನಡುವೊಂದು. ಮನಿ ತುಂಬ ಕೆಲಸ, ಕೈಗೆ ಸಿಕ್ಕಿದ್ದು ಒತ್ತೋದು, ನುಂಗೋದು."

ಕಾಯುತ್ತಿದ್ದವರೆಲ್ಲ ನಗುವರು. ಹೃದಯದ ಕಾಯಿಲೆಯವರು ಕೂತ ಕೋಣೆಯಲ್ಲಿ ನಗು ಕೇಳಿಸುವುದು ಅಪರೂಪ. ಅವರು ಬಂದ ದಿನ ಮಾತ್ರ ಕೇಳಿಸುತ್ತಿತ್ತು.

ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಅದರಲ್ಲಿ ಕೊಟ್ರೇಶಪ್ಪನವರ ಹೆಸರು ಐದು ಕಡೆ ಮಾತ್ರ ಬರುತ್ತದೆ. ನೆನಪಿನಲ್ಲಾದರೆ ಅವರು ಬಹಳ ಜಾಗ ತೆಗೆದುಕೊಂಡಿದ್ದಾರೆ. ಎರಡರಲ್ಲಿ ಯಾವುದನ್ನು ನಂಬಬೇಕೋ ತಿಳಿಯದೆ ಎರಡನ್ನೂ ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮೇಲೆ ಬರೆದ ಮಾತುಗಳನ್ನು ಅವರು ಹೀಗೇ ಆಡಿದ್ದರೆಂದು ಪ್ರಮಾಣ ಮಾಡಲಾರೆ. ಕೆನ್ನೆಯ ಮೇಲಿನ ಬೆಳಕಿನ ಚುಕ್ಕಿಗಳ ಬಗ್ಗೆ ಮಾತ್ರ ಅನುಮಾನವಿಲ್ಲ.

ಅವರು ಮೆಡಿಕಲ್ ರೆಪ್. ಹೊರದೇಶದ ಒಂದು ದೊಡ್ಡ ಕಂಪನಿಯ ಮಾತ್ರೆಗಳ ಬಗ್ಗೆ ಡಾಕ್ಟರುಗಳಿಗೆ ತಿಳಿಸಿ, ಅವರು ಅದನ್ನೇ ಬರೆಯುವಂತೆ ಒಲಿಸುವುದು ಕೆಲಸ. ಐವತ್ತೈದು ದಾಟಿದ್ದ ತೆಳ್ಳಗಿನ ಆಳು. ವರ್ಷಗಟ್ಟಲೆ ಚೀಲ ಹೊತ್ತು ಎಡ ಭುಜ ಬಲಕ್ಕಿಂತ ಎರಡು ಬೆರಳು ಕೆಳಗಿತ್ತು. ವಾಸ ಹರಿಹರದಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಬಾಡಿಗೆ ಕೋಣೆ. ಹೆಂಡತಿ ಮದುವೆಯಾದ ಮೂರನೆಯ ವರ್ಷವೇ ತೀರಿಕೊಂಡಿದ್ದರಂತೆ, ಮಕ್ಕಳಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ದಾವಣಗೆರೆಗೆ ಬಂದು, ಡಾಕ್ಟರಿಂದ ಡಾಕ್ಟರಿಗೆ ಅಲೆದು, ಸಂಜೆ ಹರಿಹರಕ್ಕೆ ಮರಳಿ ಖಾನಾವಳಿಯಲ್ಲಿ ಉಂಡು ಮಲಗುವರು. ಇದೆಲ್ಲ ನನಗೆ ಗೊತ್ತಾದದ್ದು ಅಮ್ಮನಿಂದ. ಯಾರನ್ನಾದರೂ ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡರೆ ಅವರ ವಂಶಾವಳಿ ತೆಗೆಯುವಷ್ಟು ಶಕ್ತಿ ಅಮ್ಮನಿಗಿತ್ತು.

ಬೇರೆ ರೆಪ್ಪುಗಳು ರೋಗಿಗಳ ನಡುವೆ ತೂರಿಕೊಂಡು ಒಳಗೆ ಹೋಗುತ್ತಿದ್ದರು. ಜನ ಗೊಣಗುತ್ತಿದ್ದರು. ಕೊಟ್ರೇಶಪ್ಪನವರು ಎಲ್ಲ ರೋಗಿಗಳೂ ಮುಗಿಯುವವರೆಗೆ ಕೂತಿರುತ್ತಿದ್ದರು. ಒಮ್ಮೆ ಅಮ್ಮ ಕೇಳಿದಳು: "ಅಲ್ಲಪ್ಪಾ, ಅವರೆಲ್ಲ ಹಂಗೆ ನುಗ್ತಾರೆ, ನೀನು ಬಸವಣ್ಣನಂಗೆ ಕುಂತೀಯಲ್ಲ?"

"ಮನಿಗೆ ಹೋಗಿ ಏನು ಮಾಡ್ಲಿ ಅವ್ವಾರೆ? ಇಲ್ಲಾದ್ರ ಮಾತಾಡಾಕೆ ಜನ ಅದಾರೆ."

ಅವರ ಟೈ ಅಮ್ಮನಿಗೆ ಹಾಸ್ಯದ ಸರಕಾಗಿತ್ತು. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಲ್ಲೂ ಅದನ್ನು ಬಿಗಿದುಕೊಂಡು ಬರುತ್ತಿದ್ದರು. "ಆ ಕೊರಳಪಟ್ಟಿ ಬಿಚ್ಚೋ ಕೊಟ್ರಪ್ಪಾ, ನೋಡಾಕೆ ನನಗ ಉಸಿರು ಕಟ್ತೈತೆ."

"ಇದನ್ನ ಬಿಚ್ಚಿದ್ರ ಕಂಪನಿಯೋರು ಮೇಯಾಕೆ ಬಿಡಂಗಿಲ್ಲ ಅವ್ವಾರೆ."

ಒಳಗೆ ಹೋದರೆ ಅವರಿಗೆ ಸಿಗುತ್ತಿದ್ದದ್ದು ಒಂದೆರಡು ನಿಮಿಷ. ಬಾಗಿಲ ಸಂದಿಯಿಂದ ಅವರ ಬಾಯಿಪಾಠದ ಇಂಗ್ಲಿಷ್ ಕೇಳಿಸುತ್ತಿತ್ತು. ಉಸಿರು ತೆಗೆದುಕೊಳ್ಳದೆ, ಎಲ್ಲಿಯೂ ತಡವರಿಸದೆ, ಮಗ್ಗಿ ಒಪ್ಪಿಸಿದಂತೆ. ಹೊರಗೆ ಬಂದು ಚೀಲ ಕೆಳಗಿಟ್ಟು ಮತ್ತೆ ಹರಿಹರದ ಮಾತಿಗೆ ಇಳಿಯುವರು. ಆ ಎರಡು ದನಿಗಳಲ್ಲಿ ಯಾವುದು ಅವರದೆಂದು ನನಗೆ ಆಗ ಅನುಮಾನವೇ ಬಂದಿರಲಿಲ್ಲ.

ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಇಲ್ಲಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಅತಿಥಿಗಳಿಗೆ ಪಾಠ ನಡೆಯುವ ತಿಂಗಳುಗಳಲ್ಲಿ ಮಾತ್ರ ಸಂಬಳ. ರಜೆ ಬಂದರೆ ಸಂಬಳಕ್ಕೂ ರಜೆ. ಮುಂದಿನ ವರ್ಷ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬುದು ಆಗಸ್ಟ್ ಬರುವವರೆಗೆ ಗೊತ್ತಾಗುವುದಿಲ್ಲ. ಮದುವೆಯಾಗಿಲ್ಲ. ಅಪ್ಪ ತೀರಿಕೊಂಡ ಮೇಲೆ ಹದಡಿಯಿಂದ ಅಮ್ಮನನ್ನು ಕರೆತಂದು ಸರಸ್ವತಿ ನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಟ್ಟುಕೊಂಡಿದ್ದೆ. ಅಮ್ಮನ ಹೆಸರು ಹಾಲಮ್ಮ. ಅವಳ ಹೃದಯ ದುರ್ಬಲವಾಗಿ ಕಾಲು ಊದಿಕೊಳ್ಳತೊಡಗಿದಾಗ ಡಾಕ್ಟರು ಒಂದು ಹೊಸ ಮಾತ್ರೆ ಬರೆದರು. ಬೆಳಿಗ್ಗೆ ಒಂದು, ಸಂಜೆ ಒಂದು. ಅದು ಕೊಟ್ರೇಶಪ್ಪನವರ ಕಂಪನಿಯದು. ಬೇರೆ ಯಾರೂ ಅದನ್ನು ತಯಾರಿಸುವಂತಿರಲಿಲ್ಲ.

ಅಂಗಡಿಯಲ್ಲಿ ಮೊದಲ ಸಲ ಬೆಲೆ ಕೇಳಿದ ಅಮ್ಮ ಸ್ಟ್ರಿಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ನೆಟ್ಟಗೆ ಮನೆಗೆ ನಡೆದಳು. ಬಂದವಳು ಚಪ್ಪಲಿ ಬಿಡುತ್ತ ಹೇಳಿದಳು: "ಒಂದು ಮಾತ್ರಿ ಅಂದ್ರ ಒಂದು ಬೆಣ್ಣೆ ದೋಸೆ. ದಿನಾ ಎರಡು ಬೆಣ್ಣೆ ದೋಸೆ ನುಂಗಾಕೆ ನಾನೇನು ಗೌಡನ ಹೆಂಡ್ತಿಯೇನೇ ಶೈಲೂ?"

ಆ ಬೆಲೆ ಯಾಕೆ ಅಷ್ಟೆಂದು ನನಗೆ ಗೊತ್ತಿತ್ತು. ಏಕಸ್ವಾಮ್ಯದ ಪಾಠವನ್ನು ವರ್ಷಕ್ಕೆ ಎರಡು ಸಲ ಮಾಡುತ್ತಿದ್ದೆ. ಆದರೆ ಅಮ್ಮನಿಗೆ ಅರ್ಥವಾಗುವಂತೆ ಹೇಳಿದ್ದು ಕೊಟ್ರೇಶಪ್ಪ.

"ಒಂದು ಬೀದ್ಯಾಗೆ ಒಬ್ಬಾತ ಹೊಸ ರುಚಿಯ ಮಿರ್ಚಿ ಕಂಡುಹಿಡದಾನ ಅಂತ ಇಟ್ಕೊಳ್ರಿ ಅವ್ವಾರೆ. ಸರ್ಕಾರ ಆತನಿಗೆ, ಇಪ್ಪತ್ತು ವರ್ಷ ಈ ಮಿರ್ಚಿ ಮತ್ಯಾರೂ ಕರಿಯಂಗಿಲ್ಲ ಅಂತ ಬರಕೊಟ್ಟೈತೆ. ಆತ ಹೇಳಿದ್ದ ರೇಟು. ಇಪ್ಪತ್ತು ವರ್ಷ ಮುಗಿದ ಮರುದಿನ ನೋಡ್ರಿ, ಬೀದಿ ತುಂಬ ಗಾಡಿ, ಬೀದಿ ತುಂಬ ಮಿರ್ಚಿ."

"ಹಂಗಾದ್ರ ಅವತ್ತು ಸೋವಿ ಆಗ್ತೈತೆ?"

"ಆಗ್ತೈತೆ. ಆದ್ರ ಒಂದು ಮಾತು. ಮಿರ್ಚಿ ತಿನ್ನೋನು ನಾಲ್ಕು ಗಾಡಿ ರುಚಿ ನೋಡಿ ಆರಿಸ್ತಾನ. ಮಾತ್ರಿಗೆ ರುಚಿ ಎಲ್ಲೈತ್ರಿ? ಆರಿಸೋದು ಡಾಕ್ಟ್ರು, ಕೊಡೋದು ಅಂಗಡಿಯಾತ, ನುಂಗೋದು ನೀವು. ಅದಕ್ಕ ಗಾಡಿಯೋರು ನಿಮ್ಮನ್ನ ಕರಿಯಂಗಿಲ್ಲ, ಅಂಗಡಿಯಾತನ್ನ ಕರೀತಾರೆ. ಅವನಿಗೆ ನಾಕಾಣೆಗೆ ಕೊಟ್ಟು ಮ್ಯಾಲೆ ರೂಪಾಯಿ ಅಂತ ಅಚ್ಚು ಹಾಕ್ತಾರೆ. ಸ್ಟ್ರಿಪ್ಪಿನ ಮ್ಯಾಲಿನ ರೇಟು ನೋಡಿ ಅಂಜಬ್ಯಾಡ್ರಿ. ಎರಡು ಅಂಗಡಿ ತಿರುಗಿ ಕೇಳ್ರಿ."

"ಅದು ಸರಿ. ಆ ಇಪ್ಪತ್ತು ವರ್ಷ ಯಾವಾಗ ಮುಗಿತೈತೆ?"

"ಇನ್ನೊಂದೆರಡು ವರ್ಷ ತಡೀರಿ ಅವ್ವಾರೆ."

ಪಕ್ಕದಲ್ಲಿದ್ದ ಅಜ್ಜ, "ಅಷ್ಟರಾಗ ನಾವ ಮುಗಿತೀವಿ ಬಿಡಪಾ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನ ಆ ಮಿರ್ಚಿ ಗಾಡಿಯನ್ನು ತರಗತಿಗೆ ಒಯ್ದೆ. ಹುಡುಗರು ಮೊದಲ ಸಲ ಕಣ್ಣರಳಿಸಿ ಕೇಳಿದರು. ಅದೇ ಪಾಠದ ಕೊನೆಯಲ್ಲಿ, ಪಠ್ಯದಲ್ಲಿದ್ದಂತೆ, ಜೀವ ಉಳಿಸುವ ಔಷಧಿಗೆ ಬೆಲೆ ಏರಿದರೂ ಬೇಡಿಕೆ ಇಳಿಯುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆಸಿದೆ. ಮುಂದಿನ ಸಲ ಕ್ಲಿನಿಕ್ಕಿನಲ್ಲಿ ಇದನ್ನು ಕೊಟ್ರೇಶಪ್ಪನವರಿಗೆ ಹೇಳಿದಾಗ ಅವರು ನನ್ನನ್ನು ನೋಡದೆ, ಅಮ್ಮನನ್ನು ನೋಡಿ, "ಆ ಪುಸ್ತಕ ಬರದೋರಿಗೆ ಕಾಯಿಲೆ ಬಂದಿಲ್ಲ ಬಿಡ್ರಿ ಮೇಡಂ" ಎಂದರು. ಅಮ್ಮ ಸೆರಗು ಸರಿಮಾಡಿಕೊಂಡಳು.

ಅವರು ಅಮ್ಮನನ್ನು ನೋಡಿದ್ದು ನಿಜವೇ? ಅಥವಾ ಎಲ್ಲ ತಿಳಿದ ಮೇಲೆ ನನ್ನ ನೆನಪು ಅವರ ಕಣ್ಣನ್ನು ಆ ಕಡೆ ತಿರುಗಿಸಿತೇ? ದಿನಚರಿಯಲ್ಲಿ ಪುಸ್ತಕದ ಮಾತಿದೆ. ಕಣ್ಣಿನ ವಿಷಯ ಇಲ್ಲ.

ಅಮ್ಮನ ಕಾಲಿನ ಊತ ಇಳಿಯಲಿಲ್ಲ. ಡಾಕ್ಟರು ಮಾತ್ರೆಯ ಶಕ್ತಿ ಹೆಚ್ಚಿಸಿದರು. ಆರು ತಿಂಗಳ ನಂತರ ಇನ್ನೊಮ್ಮೆ ಹೆಚ್ಚಿಸಿದರು. ಪ್ರತಿ ಸಲವೂ ಬೆಲೆ ಒಂದು ಮೆಟ್ಟಿಲು ಮೇಲೆ. ನಾನು ಸಂಬಳದ ದಿನ, "ಮಾತ್ರೆ ತರಲೇನಮ್ಮಾ?" ಎಂದು ಕೇಳಿದರೆ ಅಮ್ಮ, "ಇನ್ನೂ ಐತೆ ತಗೋ, ಈಗ ಬ್ಯಾಡ" ಎನ್ನುವಳು. ಹತ್ತು ದಿನ ಬಿಟ್ಟು ಕೇಳಿದರೂ "ಐತೆ." ಹದಿನಾಲ್ಕು ಮಾತ್ರೆಗಳ ಸ್ಟ್ರಿಪ್ಪು. ದಿನಕ್ಕೆ ಎರಡರಂತೆ ಒಂದು ವಾರಕ್ಕೆ ಮುಗಿಯಬೇಕು. ಒಂದನೆಯ ತರಗತಿಯ ಮಗು ಮಾಡುವ ಲೆಕ್ಕ. ನಾನು ಮಾಡಲಿಲ್ಲ. ಮರೆತೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಹಾಗೆ ಹೇಳಲಾರೆ. ರಜೆಯ ತಿಂಗಳುಗಳಲ್ಲಿ ಅಮ್ಮ "ಐತೆ" ಎಂದಾಗ ನನ್ನ ಎದೆಯ ಭಾರ ಇಳಿಯುತ್ತಿತ್ತು. ಇಳಿದ ಭಾರ ಎಲ್ಲಿಗೆ ಹೋಯಿತೆಂದು ನಾನು ಕೇಳಲಿಲ್ಲ.

ಹೇಳಿದ ವರ್ಷ ಬಂತು. ಆ ಮಾತ್ರೆಯ ಪೇಟೆಂಟ್ ಮುಗಿಯಿತು. ಒಂದೇ ತಿಂಗಳಲ್ಲಿ ಬೀದಿ ತುಂಬ ಗಾಡಿ. ಕ್ಲಿನಿಕ್ಕಿನ ಮುಂದೆ ರೋಗಿಗಳಿಗಿಂತ ರೆಪ್ಪುಗಳೇ ಹೆಚ್ಚಾದರು. ಎಲ್ಲರ ಚೀಲದಲ್ಲೂ ಅದೇ ಮಾತ್ರೆ, ಬೇರೆಬೇರೆ ಹೆಸರು, ಬೇರೆಬೇರೆ ಬಣ್ಣದ ಪೆಟ್ಟಿಗೆ. ಬೆಣ್ಣೆ ದೋಸೆಯ ಬೆಲೆಯಿದ್ದದ್ದು ಚಹಾದ ಬೆಲೆಗೆ ಇಳಿಯಿತು. ಅವರಲ್ಲಿ ಕೊಟ್ರೇಶಪ್ಪ ಇರಲಿಲ್ಲ. ಬೆಲೆ ಬಿದ್ದ ಮಾತ್ರೆಗೆ ಇಷ್ಟೊಂದು ರೆಪ್ಪುಗಳು ಯಾಕೆಂದು ಕಂಪನಿ ಅವರ ಗುಂಪನ್ನೇ ತೆಗೆದುಹಾಕಿತ್ತು. ಕ್ಲಿನಿಕ್ಕಿನ ಕಾಂಪೌಂಡರ್ ಹೇಳಿದ: "ಹೋದ ವಾರ ಬಂದು ಎಲ್ರಿಗೂ ಕೈ ಮುಗಿದು ಹೋದ್ರು. ಡಾಕ್ಟ್ರು ಬಿಜಿ ಇದ್ರು, ಸಿಗ್ಲಿಲ್ಲ."

ಅಮ್ಮ ಹೊಸ ಸ್ಟ್ರಿಪ್ಪುಗಳನ್ನು ತಾನೇ ಎರಡು ಅಂಗಡಿ ತಿರುಗಿ ತಂದಳು. ಅವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದು ನೋಡಿ ನಾನು ತಮಾಷೆ ಮಾಡಿದೆ. "ನಗು ನಗು. ಇನ್ನು ಮ್ಯಾಲೆ ಡಾಕ್ಟ್ರು ಹೇಳ್ದಂಗ ನಡಕೊಂತೀನಿ" ಎಂದಳು. ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಆಗಲೂ ನಾನು ಕೇಳಲಿಲ್ಲ.

ಆ ಭಾನುವಾರ ಮಧ್ಯಾಹ್ನ ಗೇಟಿನ ಸದ್ದಾಯಿತು. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ, ಸೋಮವಾರ ಒಪ್ಪಿಸಬೇಕಿತ್ತು. ಹೊರಗೆ ಬಂದರೆ ಕೊಟ್ರೇಶಪ್ಪ. ಟೈ ಇಲ್ಲ, ಚೀಲ ಇಲ್ಲ. ಚೀಲವಿಲ್ಲದಿದ್ದರೂ ಎಡ ಭುಜ ಹಾಗೇ ಇಳಿದಿತ್ತು. ಕೈಯಲ್ಲೊಂದು ಮಡಚಿದ ಕಾಗದ.

"ಅವ್ವಾರು ಅದಾರೇನ್ರಿ ಮೇಡಂ? ಟ್ಯಾಂಕಿನ ಹಿಂದಿನ ಮನಿ ಅಂತ ಹೇಳಿದ್ರು. ಹುಡಿಕ್ಯಾಡಿ ಬಂದೆ."

ಅಮ್ಮ ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಳು. ನಾನು, "ಅಮ್ಮ ಮಲಗಿದ್ದಾಳೆ" ಎಂದೆ.

ಯಾಕೆ ಹಾಗೆಂದೆ? ಕೆಲಸ ಹೋದ ರೆಪ್ಪುಗಳು ಮನೆಮನೆ ತಿರುಗಿ ವಿಮೆ, ಶಕ್ತಿಯ ಪುಡಿ ಮಾರುತ್ತಾರೆಂದು ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಆ ಕಾಗದ ನೋಡಿ ಅದೇ ಇರಬೇಕೆಂದುಕೊಂಡೆ. ಇದು ಒಂದು ಕಾರಣ. ಪತ್ರಿಕೆಗಳ ರಾಶಿ ಇನ್ನೊಂದು. ಮೂರನೆಯದನ್ನು ಬರೆಯಲು ನಾಚಿಕೆಯಾಗುತ್ತದೆ. ಮನೆಯಲ್ಲಿ ನನ್ನೊಂದಿಗೆ ನಾಲ್ಕು ಮಾತಾಡಿ ಸುಮ್ಮನಾಗುವ ಅಮ್ಮ ಈ ಮನುಷ್ಯನ ಪಕ್ಕದಲ್ಲಿ ಗಂಟೆಗಟ್ಟಲೆ ನಗುತ್ತಿದ್ದಳು. ಅವರು ಒಳಗೆ ಬಂದು ಕೂತರೆ ಮತ್ತೆ ಆ ನಗು ಕೇಳಬೇಕಾಗುತ್ತಿತ್ತು.

"ಏನಾದರೂ ಇದ್ದರೆ ನನಗೆ ಹೇಳಿ" ಎಂದೆ. ಗೇಟು ತೆಗೆದಿರಲಿಲ್ಲ.

ಅವರು ಕಾಗದವನ್ನು ಜೇಬಿಗಿಟ್ಟುಕೊಂಡರು. "ನಿಮಗ ಹೇಳಂಗಿಲ್ಲ ಅಂತಲ್ಲ..." ಎಂದು ನಿಲ್ಲಿಸಿದರು. ಗೇಟಿನ ಸರಳು ಹಿಡಿದು, "ಅವ್ವಾರ ಬೀಪಿ ಒಂದ್ಸಲ ನೋಡಿಸಿಬಿಡ್ರಿ ಮೇಡಂ. ಹೊಸ ಮಾತ್ರಿ ಶುರು ಮಾಡಿದ್ರ ನೋಡಿಸ್ಬೇಕು" ಎಂದರು.

"ಬರುವ ತಿಂಗಳು ಹೇಗೂ ಹೋಗಬೇಕು."

"ಬರೋ ತಿಂಗಳು ಬ್ಯಾಡ್ರಿ, ಇವತ್ತು ನಾಳೆ..." ಎಂದರೋ, ಅಥವಾ "ಹಂಗಾದ್ರ ಸರಿ" ಎಂದರೋ. ಎರಡೂ ನನಗೆ ಅವರ ದನಿಯಲ್ಲೇ ಕೇಳಿಸುತ್ತವೆ. ದಿನಚರಿಯಲ್ಲಿರುವುದು ಇಷ್ಟೇ: "ಕೊಟ್ರೇಶಪ್ಪ ಬಂದಿದ್ದರು. ಕೂರಿಸಲಿಲ್ಲ."

ಒಳಗೆ ಬಂದಾಗ ಅಮ್ಮ ಕೇಳಿದಳು, "ಯಾರೇ ಅದು?"

"ಯಾರೋ ಏನೋ ಮಾರುವವರು."

ಬುಧವಾರ ಬೆಳಿಗ್ಗೆ ಅಮ್ಮ ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ಇಟ್ಟವಳು ಬಚ್ಚಲ ಬಾಗಿಲಲ್ಲಿ ಬಿದ್ದಳು. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ರಕ್ತದೊತ್ತಡ ಅಷ್ಟು ಕಡಿಮೆ ತೋರಿಸಿದ್ದು ನೋಡಿ ನರ್ಸು ಯಂತ್ರ ಕೆಟ್ಟಿದೆಯೆಂದು ಇನ್ನೊಂದು ತರಿಸಿದಳು. ಯಂತ್ರ ಕೆಟ್ಟಿರಲಿಲ್ಲ.

ಎರಡನೆಯ ದಿನ ಅಮ್ಮ ನನಗೆ ಎಲ್ಲ ಹೇಳಿದಳು. ಸಂಜೆಯ ಮಾತ್ರೆಯನ್ನು ಅವಳು ಎಂದೂ ನುಂಗಿರಲಿಲ್ಲ. ಸೋವಿಯಾಗುವವರೆಗೆ ಬೆಳಿಗ್ಗೆಯದೊಂದೇ ಸಾಕು ಎಂದು ತಾನೇ ತೀರ್ಮಾನಿಸಿದ್ದಳು. ಅರ್ಧ ನುಂಗಿದ್ದರಿಂದ ಊತ ಇಳಿಯಲಿಲ್ಲ. ಊತ ಇಳಿಯದ್ದರಿಂದ ಡಾಕ್ಟರು ಶಕ್ತಿ ಹೆಚ್ಚಿಸಿದರು. ಚೀಟಿಯ ಮೇಲೆ ಏರಿದ ಆ ಶಕ್ತಿ ಪೂರ್ತಿಯಾಗಿ ಅವಳ ಮೈಗೆ ಹೋದದ್ದು ಮಾತ್ರೆ ಸೋವಿಯಾದ ಮೇಲೆ. ಡಾಕ್ಟರು ಹೇಳಿದಂತೆ ನಡೆದುಕೊಂಡ ಮೊದಲ ವಾರವೇ ಅವಳು ಬಿದ್ದಳು.

"ಕೊಟ್ರಪ್ಪಗ ಗೊತ್ತಿತ್ತು. ಸ್ಟ್ರಿಪ್ಪು ನೋಡಿ ಹಿಡಿದುಬಿಟ್ಟ. ಒಂದು ವಾರಕ್ಕ ಮುಗಿದ ಸ್ಟ್ರಿಪ್ಪಿನ ಅಕ್ಷರ ಹಿಂಗೆ ಅಳಿಸಂಗಿಲ್ಲ ಅವ್ವಾರೆ ಅಂದ. ನನ್ನ ಮಗಳಿಗೆ ಹೇಳಿದ್ರ ನಿನ್ನ ಕೂಡ ಮಾತು ಬಿಡ್ತೀನಿ ಅಂತ ಆಣೆ ಹಾಕ್ಸಿದ್ದೆ." ಆಮೇಲೆ ನನ್ನ ಮುಖ ನೋಡಿ, "ಆತನ್ನ ಬೈಯಬ್ಯಾಡ" ಎಂದಳು.

ಎರಡು ತಿಂಗಳು ಹಾಸಿಗೆಯಲ್ಲಿದ್ದು ಅಮ್ಮ ಹೋದಳು. ಬಿದ್ದದ್ದಕ್ಕೆ ಮಾತ್ರೆಯೇ ಕಾರಣವೆಂದು ಯಾವ ಡಾಕ್ಟರೂ ಹೇಳಲಿಲ್ಲ. ವಯಸ್ಸು, ಹೃದಯ, ಒದ್ದೆ ನೆಲ, ಎಲ್ಲವೂ ಇತ್ತು. ನಾನೂ ಖಚಿತವಾಗಿ ಹೇಳಲಾರೆ. ಆದರೆ ಆ ಭಾನುವಾರ ಬೀಪಿ ನೋಡಿಸಿದ್ದರೆ ಅದು ಇಳಿದದ್ದು ಕಾಣುತ್ತಿತ್ತು, ಇಷ್ಟು ಮಾತ್ರ ಖಚಿತ.

ಕಾರ್ಯ ಮುಗಿದ ಮೇಲೆ ಒಂದು ದಿನ ಹರಿಹರಕ್ಕೆ ಹೋದೆ. ಅವರನ್ನು ಬೈಯಲು ಹೋದೆನೋ, ಅವರ ಎದುರು ತಪ್ಪೊಪ್ಪಿಕೊಳ್ಳಲು ಹೋದೆನೋ, ಬಸ್ಸಿನಲ್ಲಿ ಕೂತಾಗ ಎರಡೂ ನಿಜವಾಗಿತ್ತು. ಸ್ಟೇಷನ್ನಿನ ಬಳಿ ಕೇಳಿದರೆ ಖಾನಾವಳಿಯ ಹೆಂಗಸು ಮಹಡಿಯ ಮೇಲಿನ ಕೋಣೆ ತೋರಿಸಿದಳು.

ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಹೆಂಡತಿಯ ಮಾಸಿದ ಫೋಟೋ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಅವರು ನಿಂತೇ ಇದ್ದರು, ಡಾಕ್ಟರ ಎದುರು ನಿಲ್ಲುವ ಹಾಗೆ. "ಅವ್ವಾರು ಹೆಂಗದಾರೆ?" ಎಂದರು.

ಹೇಳಿದೆ.

ಅವರು ಮಂಚದ ಮೇಲೆ ಕೂತರು. ಕೆಳಗೆ ರೈಲೊಂದು ನಿಂತು ಹೊರಟುಹೋಯಿತು. ಆಮೇಲೆ ಜೇಬಿನಿಂದ ಒಂದು ಕಾಗದ ತೆಗೆದರು. ಮಡಿಕೆಗಳಲ್ಲಿ ಹರಿದಿತ್ತು. ಅದರಲ್ಲಿ ಹೆಸರುಗಳಿದ್ದವು, ಕೆಲವು ಹೆಸರೂ ಅಲ್ಲ: ಕೆಂಪು ಪೇಟದ ಅಜ್ಜ, ಮಿಲ್ಲಿನ ಹತ್ತಿರದ ತಾಯಿ, ಪೋಸ್ಟ್‌ಮ್ಯಾನ್.

"ಇವರೆಲ್ಲ ಅರ್ಧದೋರು ಮೇಡಂ. ಅರ್ಧ ನುಂಗೋರು. ಒಬ್ಬೊಬ್ರ ಡೋಸ್ ಏರ್ದಂಗೆ ನನ್ನ ಮಾರಾಟದ ಟಾರ್ಗೆಟ್ ಮುಟ್ತಿತ್ತು. ಬಾಯಿ ಬಿಡ್ಲಿಲ್ಲ ನಾನು. ಒಂದ್ಸಲ ಡಾಕ್ಟ್ರಿಗೆ ಹೇಳಾಕೆ ಹೋದೆ, ಪೇಶಂಟ್ ಮಾತು ನಿನಗ್ಯಾಕ ಅಂದ್ರು. ಅಷ್ಟಕ್ಕ ಸುಮ್ನಾದೆ. ಸುಮ್ನಾಗಾಕೆ ನನಗೂ ಒಂದು ನೆವ ಬೇಕಾಗಿತ್ತು."

"ಆಮೇಲೆ?"

"ಆಮ್ಯಾಲೆ ರೇಟು ಬಿತ್ತಲ್ರಿ. ಕೆಲಸ ಹೋಗಿದ್ದು ಮೊದಲ್ನೇ ದಿನ ನೆನಪಿತ್ತು. ಎರಡನೇ ದಿನ ಇವರು ನೆನಪಾದ್ರು. ಈಗ ಎಲ್ರೂ ಪೂರ್ತಿ ನುಂಗ್ತಾರೆ, ಬೀಪಿ ಇಳಿದು ಬೀಳ್ತಾರೆ ಅಂತ. ಊರೂರು ತಿರುಗಿದೆ. ಮೊದ್ಲು ಡಾಕ್ಟ್ರಿಗೆ ನಿಜ ಹೇಳ್ರಿ, ಆಮ್ಯಾಲೆ ನುಂಗ್ರಿ ಅಂತ. ಒಬ್ರು ನಾಯಿ ಛೂ ಬಿಟ್ರು, ಹೊಸ ಕಂಪನಿ ಸೇರಿ ಮಾರಾಕೆ ಬಂದಾನ ಅಂತ." ನಗಲು ನೋಡಿದರು. "ಎಲ್ರೂ ಸಿಕ್ರು. ನಿಮ್ಮವ್ವಾರು ಒಬ್ರು ಉಳಿದ್ರು."

ಕಾಗದದಲ್ಲಿ ಎಲ್ಲ ಹೆಸರುಗಳ ಮೇಲೂ ಗೆರೆ ಎಳೆದಿತ್ತು. ಅಮ್ಮನ ಹೆಸರಿನ ಮೇಲೆ ಇರಲಿಲ್ಲ.

"ಮಗಳಿಗೆ ಹೇಳಂಗಿಲ್ಲ ಅಂತ ಆಣೆ ಇತ್ತು. ಆಣೆ ಮುರೀಬೇಕಿತ್ತು. ಮಲಗಿದಾರೆ ಅಂದ್ರಿ ನೀವು. ಎಬ್ಬಿಸ್ರಿ ಅನ್ಬೇಕಿತ್ತು ನಾನು. ಕಟ್ಟಿ ಮ್ಯಾಲೆ ಕುಂತು ಕಾಯ್ಬೇಕಿತ್ತು. ನನ್ನ ಜನ್ಮ ಎಲ್ಲ ಕಾಯೋದ್ರಾಗ ಹೋಗೈತೆ, ಅವತ್ತೊಂದು ದಿನ ಕಾಯ್ಲಿಲ್ಲ." ತಲೆ ಎತ್ತಿ ನನ್ನನ್ನು ನೋಡಿದರು. "ಗಾಢ ನಿದ್ದ್ಯಾಗ ಇದ್ರೇನ್ರಿ ಅವ್ವಾರು?"

ನಾನು ಹೇಳಲು ಬಂದ ಮಾತಿಗೆ ಅವರೇ ಬಾಗಿಲು ತೆರೆದು ನಿಂತಿದ್ದರು.

"ಹೌದು" ಎಂದೆ. "ಆ ದಿನ ಬಹಳ ಸುಸ್ತಾಗಿದ್ದಳು. ಎಬ್ಬಿಸಿದರೂ ಏಳುತ್ತಿರಲಿಲ್ಲ."

ಅವರ ಮುಖ ಸಡಿಲವಾಯಿತು. ಕೈ ಮುಗಿದರು. "ನೀವು ಮನಿತನಕ ಬಂದು ಹೇಳಿದ್ರಲ್ಲ ಮೇಡಂ, ದೊಡ್ಡೋರು ನೀವು. ಕ್ಷಮಿಸಿಬಿಡ್ರಿ" ಎಂದರು. ನಾನು ಕ್ಷಮಿಸಿದೆ. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದು, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು, ಬಸ್ಸು ಹೊರಡುವವರೆಗೆ ಕೆಳಗೆ ನಿಂತಿದ್ದರು. ಹೊಳೆ ದಾಟಿಕೊಂಡು ಬಂದ ಗಾಳಿಗೆ ಅವರ ಅಂಗಿ ಮೈಗೆ ಅಂಟಿಕೊಂಡಿತ್ತು. ಇಷ್ಟು ಸಣ್ಣ ಮನುಷ್ಯರೇ ಎನಿಸಿತು.

ಅದಾದ ಮೇಲೆ ಒಂದು ಸೆಮಿಸ್ಟರ್ ಕಳೆಯಿತು. ಮಿರ್ಚಿ ಗಾಡಿಯ ಉದಾಹರಣೆಯನ್ನು ಈಗ ತರಗತಿಯಲ್ಲಿ ಹೇಳುವುದಿಲ್ಲ. ಪಠ್ಯದ ಆ ವಾಕ್ಯವನ್ನು ಹೇಳುತ್ತೇನೆ, ಪರೀಕ್ಷೆಗೆ ಬರುತ್ತದೆ. ಬರೆಸಿದ ಮೇಲೆ, "ಇದು ಪುಸ್ತಕದಲ್ಲಿರುವುದು" ಎಂದು ಸೇರಿಸುತ್ತೇನೆ. ಹುಡುಗರು ಅದನ್ನೂ ಬರೆದುಕೊಳ್ಳುತ್ತಾರೆ. ಮನೆಗೆ ಬಂದರೆ ಬೀಗ ತೆಗೆಯುವ ಸದ್ದು ಎರಡು ಕೋಣೆಗಳಲ್ಲೂ ಕೇಳಿಸುತ್ತದೆ.

ರಜೆಯಲ್ಲಿ ಮತ್ತೆ ಹರಿಹರಕ್ಕೆ ಹೋದೆ. ಈ ಸಲ ಏನು ಹೇಳಬೇಕೆಂಬುದರಲ್ಲಿ ಗೊಂದಲವಿರಲಿಲ್ಲ. ಮಹಡಿಯ ಕೋಣೆಯಲ್ಲಿ ಬೇರೆ ಯಾರದೋ ಬಟ್ಟೆ ಒಣಗುತ್ತಿತ್ತು.

"ಕೊಟ್ರೇಶಪ್ಪಾರಾ? ಖಾಲಿ ಮಾಡಿ ಮೂರು ತಿಂಗಳಾತ್ರಿ" ಎಂದಳು ಖಾನಾವಳಿಯ ಹೆಂಗಸು. "ಆರಾಮಿರ್ಲಿಲ್ಲ. ಬಳ್ಳಾರಿ ಕಡೆ ಯಾರೋ ತಂಗಿ ಅದಾಳಂತೆ, ಅಲ್ಲಿಗೆ ಹೋದ್ರು. ಯಾವ ಊರು ಅಂತ ಹೇಳ್ಲಿಲ್ಲ. ಫೋನ್ ಹಚ್ಚಿದ್ರ ಹತ್ತಂಗಿಲ್ಲ."

"ಮತ್ತೆ ಬರುತ್ತಾರಾ?"

"ಯಾರಿಗೆ ಗೊತ್ತ್ರಿ. ನೀವು ಏನಾರ ಹೇಳೋದಿದ್ರ ಹೇಳ್ರಿ, ಬಂದ್ರ ಹೇಳ್ತೀನಿ."

ಕೈಚೀಲದಿಂದ ಪೆನ್ನು ತೆಗೆದೆ. ಆಕೆ ಬಿಲ್ಲು ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದುಕೊಟ್ಟಳು. ಎದುರೆದುರು ಕೂತಾಗ ಆಡಲಾಗದ ಮಾತನ್ನು ನಿಂತಲ್ಲೇ ಬರೆದೆ. ಅವರಿಗೆ ಇದು ಬಹುಶಃ ತಲುಪುವುದಿಲ್ಲವೆಂದು ಗೊತ್ತಾದ ಮೇಲೆಯೇ ನನಗೆ ಧೈರ್ಯ ಬಂದಿತೇ, ಗೊತ್ತಿಲ್ಲ. ಬಂದದ್ದಂತೂ ಆಗ.

ಆಕೆ ಚೀಟಿಯನ್ನು ದೂರ ಹಿಡಿದು, ತುಟಿ ಅಲುಗಿಸುತ್ತ ಗಟ್ಟಿಯಾಗಿಯೇ ಓದಿದಳು: "ಅಮ್ಮ ಎಚ್ಚರವಾಗಿದ್ದಳು. ನಾನೇ ಸುಳ್ಳು ಹೇಳಿದೆ. ಶೈಲಜಾ." ತಿರುಗಿಸಿ ಹಿಂಬದಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

"ಇಷ್ಟ ಏನ್ರಿ?" ಎಂದಳು.

"ಇಷ್ಟೇ" ಎಂದೆ.